ನನ್ನ ಸವತಿ, ದೊಡ್ಡ ಅಂಗಡಿ

ಗದಗಿನ ಹಳೆ ಪೇಟೆಯಲ್ಲಿ ಮೂರು ಅಂತಸ್ತಿನ ಒಂದು ಕಲ್ಲು ಕಟ್ಟಡವಿದೆ. ಈಗ ಅದರ ಕೆಳಗೆ ಮೊಬೈಲ್ ಅಂಗಡಿ, ಬೇಕರಿ, ಔಷಧಿ ಅಂಗಡಿ, ಒಂದು ಬ್ಯೂಟಿ ಪಾರ್ಲರ್ ಇವೆ. ಮೇಲಿನ ಎರಡು ಅಂತಸ್ತು ಮನೆಗಳಾಗಿವೆ. ಬಾಲ್ಕನಿಯ ಕಟ್ಟಿಗೆಗೆ ಹೊಸ ಪಾಲಿಶ್ ಬಂದಿದೆ, ಕಿಟಕಿಯ ಬಣ್ಣದ ಗಾಜುಗಳನ್ನು ತೊಳೆದು ಮತ್ತೆ ಕೂರಿಸಿದ್ದಾರೆ. ಯಾರು ಎಂಥ ಬೋರ್ಡು ಹಾಕಿಕೊಂಡರೂ ಊರ ಜನ ಅದನ್ನು ಕರೆಯುವುದು ದೊಡ್ಡ ಅಂಗಡಿ ಅಂತಲೇ. ನನಗೆ ಮಾತ್ರ ಅದು ಸವತಿ. ನನ್ನ ಗಂಡ ಅದರ ಮೂರನೇ ಅಂತಸ್ತಿನಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದವರು. ನನ್ನನ್ನು ಮದುವೆಯಾಗುವ ಮೊದಲೇ ಅಲ್ಲಿಗೆ ಸೇರಿದ್ದರು. ಹಾಗೆ ನೋಡಿದರೆ ಹಿರಿಯ ಹೆಂಡತಿ ಅವಳೇ, ನಾನು ಆಮೇಲೆ ಬಂದವಳು.

ನನ್ನ ತವರು ಬೆಟಗೇರಿಯ ನೇಕಾರರ ಮನೆ. ಅಪ್ಪ ನೇಯ್ದ ಸೀರೆಗಳು ದೊಡ್ಡ ಅಂಗಡಿಗೇ ಹೋಗುತ್ತಿದ್ದವು, ಹಿಂಬಾಗಿಲಿನಿಂದ. ಚಿಕ್ಕವಳಿದ್ದಾಗ ಸೀರೆ ಗಂಟಿನ ಜೊತೆ ನಾನೂ ಅಪ್ಪನ ಸೈಕಲ್ ಏರಿ ಹೋಗುತ್ತಿದ್ದೆ. ಗಂಟು ಒಳಗೆ ಹೋಗುತ್ತಿತ್ತು, ನಾನು ಹಿಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಆ ಅಂಗಡಿಯಲ್ಲಿ ಸೂಜಿಯಿಂದ ಹಿಡಿದು ಮದುವೆ ಸೀರೆಯ ತನಕ ಸಿಗದ ವಸ್ತುವೇ ಇರಲಿಲ್ಲ. ಕೆಳಗೆ ಧೋತರ, ಟವೆಲ್, ಕಂಬಳಿ, ಛತ್ರಿ, ಸ್ಟೀಲ್ ಪಾತ್ರೆ. ನಡುವಿನ ಅಂತಸ್ತಿನಲ್ಲಿ ಪ್ಯಾಂಟು ಶರ್ಟಿನ ಬಟ್ಟೆ, ಮಕ್ಕಳ ಅಂಗಿ. ಮೂರನೆಯದಕ್ಕೆ ಸೀರೆ ಮಾಳಿಗೆ ಅನ್ನುತ್ತಿದ್ದರು. ಅಪ್ಪನ ಸೀರೆಗಳು ಅಲ್ಲಿಗೆ ಹತ್ತಿ ಹೋಗುವುದನ್ನು ನೋಡಿದ್ದೇನೆ. ಅಪ್ಪ ಹತ್ತಿದ್ದನ್ನು ನೋಡಿಲ್ಲ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯವರು ಮದುವೆ ಗೊತ್ತಾದ ಕೂಡಲೇ ಗಾಡಿ ತುಂಬಿಕೊಂಡು ಇಲ್ಲಿಗೆ ಬರುತ್ತಿದ್ದರು. ಮದುವೆಯ ಜವಳಿ ತೆಗೆಯುವುದಕ್ಕೆ ನಮ್ಮಲ್ಲಿ ಬಸ್ತಾ ಅನ್ನುತ್ತಾರೆ. ಎರಡೂ ಕಡೆಯ ಬೀಗರು, ಚಿಗವ್ವ, ಸೋದರತ್ತೆ, ಸಿಟ್ಟಾದರೆ ಮದುವೆಗೇ ಬರುವುದಿಲ್ಲ ಎಂದು ಹೆದರಿಸುವ ಒಬ್ಬ ಹಿರಿಯಕ್ಕ, ಎಲ್ಲರೂ ಸೀರೆ ಮಾಳಿಗೆ ಹತ್ತಿ ಬಿಳಿ ಗಾದಿಯ ಮೇಲೆ ಕೂರುತ್ತಿದ್ದರು. ಮದುಮಗಳ ಸೀರೆ ಬೇಗ ಮುಗಿಯುತ್ತಿತ್ತಂತೆ. ತಕರಾರೆಲ್ಲ ಆಯೇರಿಯ ಸೀರೆಗಳದ್ದು, ಅಂದರೆ ನೆಂಟರಿಗೆ ಉಡುಗೊರೆ ಕೊಡುವ ಸೀರೆಗಳದ್ದು. ಅತ್ತೆಯ ಸೀರೆಯ ಅಂಚು ಸೋದರತ್ತೆಯದ್ದಕ್ಕಿಂತ ಯಾಕೆ ಅಗಲ? ನೆಗೆಣ್ಣಿಗೆ ಬಂದ ಬಣ್ಣ ನನಗೇಕೆ ಬರಲಿಲ್ಲ? ಮೂರು ತಾಲೂಕಿನ ಹೊಟ್ಟೆಕಿಚ್ಚೆಲ್ಲ ಆ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತಿತ್ತು. ಅದನ್ನು ಸಮಾಧಾನ ಮಾಡಿ ಇಳಿಸಿ ಕಳಿಸುವ ಕೆಲಸ ನನ್ನ ಗಂಡನದು.

ಇದ್ಯಾವುದನ್ನೂ ನಾನು ಕಂಡವಳಲ್ಲ. ನನಗೆ ಹೇಳುತ್ತಿದ್ದವರು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದ ಚಾಚಾ. ಮೇಲೆ ಸೀರೆ ಕೊಂಡವರು ಇಳಿದು ಬಂದು ಅವರ ಹತ್ತಿರ ಫಾಲ್ ಹಚ್ಚಿಸಿಕೊಳ್ಳುತ್ತಿದ್ದರು. ಒಂದು ದಿನ ಗಂಡ ಮರೆತು ಹೋದ ಬುತ್ತಿ ಕೊಡಲು ನಾನು ಹೋದಾಗ ಚಾಚಾ ಮಷಿನ್ ನಿಲ್ಲಿಸಿ ನಕ್ಕರು.

“ಭಾಬಿ, ನಿಮ್ಮವ್ರು ಸೆರಗ ಹೊತ್ತು ಕನ್ನಡಿ ಮುಂದ ನಿಂತ್ರ ಮದುಮಗಳ ನಾಚಬೇಕು ನೋಡ್ರಿ!”

“ಸೆರಗ ಹೊತ್ತು?” ಅಂದೆ.

“ಮತ್ತ? ಹೆಗಲ ಮ್ಯಾಲೆ ಹಾಕ್ಕೊಂಡ ತೋರಸ್ತಾರ. ‘ಅಕ್ಕಾರ, ಈ ಬಣ್ಣ ನಿಮ್ಮ ಮೈಮ್ಯಾಲೆ ಕುಂತ ಮ್ಯಾಲೆ ಬ್ಯಾರೆ ಯಾರ ಮೈಮ್ಯಾಲೂ ಕುಂಡ್ರಾಕ ಒಲ್ಲೆ ಅಂತೈತಿ’ ಅಂತಾರ. ಏನ ನಾಲಿಗಿ ಅದು! ಜೇನು ಭಾಬಿ, ಜೇನು.”

ಬುತ್ತಿಯನ್ನು ಚಾಚಾ ಕೈಗೇ ಕೊಟ್ಟು ಮನೆಗೆ ಬಂದೆ. ಆ ಜೇನಿನ ಒಂದು ಹನಿ ನಮ್ಮ ಮನೆಯ ನೆಲದ ಮೇಲೆ ಬಿದ್ದದ್ದನ್ನು ನಾನು ಕಂಡಿರಲಿಲ್ಲ. ಮನೆಯಲ್ಲಿ ಅವರು ಆಡುತ್ತಿದ್ದ ಮಾತುಗಳು ಮೂರೇ. ಒಂದು, “ನೀರ ಬಂತು?” ನಮ್ಮ ಊರಲ್ಲಿ ನಳದ ನೀರು ಬರುವುದು ದೇವರು ವರ ಕೊಟ್ಟಷ್ಟು ಅಪರೂಪ, ಆದ್ದರಿಂದ ಅದನ್ನು ಕೇಳಲೇಬೇಕು. ಇನ್ನೊಂದು, “ಊಟಕ್ಕ ಹಾಕ್ತಿ?” ಮತ್ತೊಂದು, “ಹೂಂ.” ಈ ಹೂಂ ಎಂಬುದಕ್ಕೆ ಎಲ್ಲ ಅರ್ಥಗಳೂ ಇದ್ದವು. ದಿನವಿಡೀ ಮಾತಾಡಿ ದಣಿದಿರುತ್ತಾರೆ, ಪಾಪ ಅಂದುಕೊಂಡು ಅಲ್ಲಿಯವರೆಗೂ ಅವರ ತಟ್ಟೆಗೆ ತುಪ್ಪ ಹಾಕುತ್ತಿದ್ದೆ. ಮಾತೆಲ್ಲ ಎಲ್ಲಿ ಖರ್ಚಾಗುತ್ತಿದೆ ಎಂದು ಗೊತ್ತಾದ ಮೇಲೆ ತುಪ್ಪದ ಚಮಚ ಸಣ್ಣದಾಯಿತು.

ಅವರಿಗೆ ಗಿರಾಕಿಗಳ ಹೆಸರು ಗೊತ್ತಿರಲಿಲ್ಲ, ಊರು ಗೊತ್ತಿರುತ್ತಿತ್ತು. ಊರಿನ ಜೊತೆಗೆ ಅವರು ಒಯ್ದ ಸೀರೆಯ ಬಣ್ಣ. ಸಿಂಗಟಾಲೂರಿನ ತಂಗಿ, ಗಿಳಿ ಹಸಿರು. ಶಿರಹಟ್ಟಿಯ ಅಮ್ಮಾರು, ಕಂದು ಒಡಲು, ಕೆಂಪು ಅಂಚು. ಒಮ್ಮೆ ಊಟ ಮಾಡುತ್ತಾ ತಾವಾಗಿಯೇ ಬಾಯಿ ಬಿಟ್ಟರು. “ಹಿರೇವಡ್ಡಟ್ಟಿ ಅಕ್ಕಾರು ಬಂದಿದ್ರು. ಬದನಿಕಾಯಿ ಬಣ್ಣದ್ದು ಒಪ್ಪಿಸಿದೆ. ನಾನ ತೋರಸಬೇಕು ಅಂತ ನಾ ಊಟಕ್ಕ ಹೋದಾಗ ತಾಸಗಟ್ಟಲೆ ಕಾಯ್ದರಂತ.” ಮುಖದ ಮೇಲೆ ಒಂದು ಬೆಳಕಿತ್ತು. ಆ ವಾರ ನಮ್ಮ ಮನೆಗೆ ಬದನೆಕಾಯಿ ಬರಲಿಲ್ಲ. ಮರುವಾರ ಸಂತೆಗೆ ಹೋದವಳು ಕಾಲು ತಡೆಯದೆ ಚಾಚಾ ಹತ್ತಿರ ಹೋಗಿ, ಈ ಹಿರೇವಡ್ಡಟ್ಟಿ ಅಕ್ಕಾರಿಗೆ ವಯಸ್ಸೆಷ್ಟು ಎಂದು ಕೇಳಿದೆ.

“ಬಾಯಾಗ ಒಂದ ಹಲ್ಲಿಲ್ಲರಿ ಭಾಬಿ. ಮೊಮ್ಮಕ್ಕಳ ಮದುವಿ ಬಸ್ತಾಕ್ಕ ಬರ್ತಾರ.”

ಹಲ್ಲಿಲ್ಲದಿದ್ದರೇನು, ಕಿವಿ ಇದ್ದವಲ್ಲ! ಮುದುಕಿಯ ಮೇಲಿನ ಉರಿ ಒಂದಿಷ್ಟೂ ಕಡಿಮೆಯಾಗಲಿಲ್ಲ.

ಹಾಗಂತ ನನಗೆ ಸೀರೆಗಳ ಕೊರತೆ ಇರಲಿಲ್ಲ. ಪಂಚಮಿಗೆ, ದೀಪಾವಳಿಗೆ ಅವರೇ ತರುತ್ತಿದ್ದರು. ಅಂಗಡಿಯ ಚೀಲವನ್ನು ದೇವರ ಗೂಡಿನ ಮುಂದೆ ಇಟ್ಟು “ತಂದೀನಿ” ಅನ್ನುತ್ತಿದ್ದರು. ಅಷ್ಟಕ್ಕೆ ಮುಗಿಯಿತು. ಯಾವ ಬಣ್ಣ ಬೇಕು ಎಂದು ಕೇಳಿದವರಲ್ಲ, ಉಟ್ಟ ಮೇಲೆ ಹೇಗಿದೆ ಎಂದು ನೋಡಿದವರೂ ಅಲ್ಲ. ಒಂದು ದಿನ ಪರೀಕ್ಷೆ ಮಾಡೋಣ ಅನ್ನಿಸಿ ಅಡುಗೆಮನೆಯ ಒಳಗಿಂದಲೇ ಕೂಗಿದೆ.

“ಏನ್ರೀ, ಮುಂಜಾನಿಂದ ನಾ ಯಾವ ಸೀರಿ ಉಟ್ಟೀನಿ ಹೇಳ್ರಿ ನೋಡೂಣು?”

ಪೇಪರ್ ಮಡಚುವ ಸದ್ದು ನಿಂತಿತು. ಉತ್ತರ ಬಂತು. “ಮನಿ ಸೀರಿ.”

ನನಗೆ ಬೇಕಾಗಿದ್ದದ್ದು ಸೀರೆಯೇ ಅಲ್ಲ. ಒಮ್ಮೆ ಆ ಬಿಳಿ ಗಾದಿಯ ಮೇಲೆ ಕೂರಬೇಕಿತ್ತು. ಅವರು ಎದುರಿಗೆ ನಿಂತು ಒಂದರ ಮೇಲೊಂದು ಸೀರೆ ಬಿಚ್ಚಬೇಕಿತ್ತು. ನಾನು ಬೇಡ ಅನ್ನಬೇಕು, ಅವರು ಬೇಸರವಿಲ್ಲದೆ ಇನ್ನೊಂದು ತೆಗೆಯಬೇಕು, ನನ್ನ ಮುಖ ನೋಡಿ ಈ ಬಣ್ಣ ನಿನಗೆ ಒಪ್ಪುತ್ತದೆ ಅನ್ನಬೇಕು. ಊರ ಹೆಂಗಸರಿಗೆಲ್ಲ ಹಂಚಿದ ಆ ಮಾತು ಒಂದೇ ಒಂದು ಸಲ ನನಗೂ ಬೇಕಿತ್ತು. ನಾಚಿಕೆ ಬಿಟ್ಟು ಕೇಳಿಯೂ ಕೇಳಿದೆ. “ಒಂದಿನ ನಾನೂ ಮ್ಯಾಲೆ ಬರ್ತೀನಿ” ಅಂದೆ.

“ಮನ್ಯಾಗಿನವ್ರು ಮ್ಯಾಲೆ ಬಂದ್ರ ಚಲೋ ಕಾಣೂದಿಲ್ಲ. ಸಾವಕಾರ್ರು ಏನ ತಿಳ್ಕೊಂತಾರು?” ಅಂದರು.

ಅವ್ವನ ಹತ್ತಿರ ಹೇಳಿಕೊಂಡರೆ, “ಹಿತ್ತಲ ಗಿಡ ಮದ್ದಲ್ಲ, ಸುಮ್ಮನ ಇರು” ಅಂದಳು. ನಮ್ಮ ಓಣಿಯ ಹೆಂಗಸರಂತೂ ನನ್ನನ್ನೇ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಸೀರೆ ಅಂಗಡಿಯವನ ಹೆಂಡತಿ, ಬಾಯಿತುಂಬ ಮಾತಾಡುವ ಗಂಡ, ಇನ್ನೇನು ಬೇಕು ಅಂತ. ಅವರಲ್ಲಿ ಇಬ್ಬರು ದೊಡ್ಡ ಅಂಗಡಿಗೆ ಹೋಗಿ, ನನ್ನ ಗಂಡನ ಕೈಯಲ್ಲೇ ಸೀರೆ ಬಿಚ್ಚಿಸಿಕೊಂಡು ಬಂದು, ನಮ್ಮ ಜಗಲಿಯ ಮೇಲೆ ಕೂತು ಅವರ ಮಾತನ್ನು ಅನುಕರಿಸಿ ನನಗೇ ತೋರಿಸಿದರು. ನಾನು ನಗುತ್ತಾ ಚಹಾ ಮಾಡಿ ಕೊಟ್ಟೆ. ಅದಕ್ಕೆ ಸಕ್ಕರೆ ಮರೆತಿದ್ದೆ.

ಆಮೇಲೆ ಜನ ಜವಳಿಗೆ ಹುಬ್ಬಳ್ಳಿಗೆ ಹೋಗತೊಡಗಿದರು, ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸೀರೆ ತರಿಸತೊಡಗಿದರು. ಸಾವಕಾರರ ಮಕ್ಕಳು ಬೇರೆ ಬೇರೆಯಾದರು. ಒಂದು ದಿನ ದೊಡ್ಡ ಅಂಗಡಿಯ ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಗಂಡ ಮನೆಗೆ ಬಂದು ಕಂಬಕ್ಕೆ ಒರಗಿ ಕೂತರು. ಪಾಪ ಅನ್ನಬೇಕಿತ್ತು, ಅನ್ನಲಿಲ್ಲ. ಸವತಿ ಸತ್ತಳು ಅಂತ ಒಳಗೊಳಗೇ ಹಿಗ್ಗಿದೆ. ಇನ್ನು ಆ ನಾಲಿಗೆಗೆ ಬೇರೆ ದಾರಿ ಎಲ್ಲಿದೆ, ಜೇನು ನಮ್ಮ ಮನೆಗೇ ಬರಬೇಕು ಅಂದುಕೊಂಡೆ.

ಬರಲಿಲ್ಲ. ಮನೆಗೆ ಬಂದದ್ದು ಬರೀ ಕೈಗಳು. ಕೆಲಸವಿಲ್ಲದ ಆ ಕೈಗಳು ಸಿಕ್ಕಿದ್ದನ್ನೆಲ್ಲ ಮಡಚತೊಡಗಿದವು. ಟವೆಲ್, ಚಾದರ, ಪೇಪರ್, ಕೊನೆಗೆ ತಟ್ಟೆಯಲ್ಲಿನ ಚಪಾತಿ. ಆಮೇಲೆ ಕಟ್ಟಡವನ್ನು ಯಾರೋ ಕೊಂಡು ಒಳಗೆ ಕೆಲಸ ಶುರು ಮಾಡಿದರು. ಇವರು ದಿನಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎದುರಿನ ಚಹಾ ಅಂಗಡಿಯಲ್ಲಿ ಹೋಗಿ ಕೂರುವುದಕ್ಕೆ ಶುರು ಮಾಡಿದರು. ಸಂಜೆ ಬಂದು ಖಬರು ಹೇಳುತ್ತಿದ್ದರು. “ಇವತ್ತ ಗಾದಿ ಕಟ್ಟಿ ಒಡದ್ರು.” “ಇವತ್ತ ನಮ್ಮ ಕನ್ನಡಿ ಇಳಿಸಿದ್ರು.” ಸತ್ತ ಸವತಿಯ ದಿನಕರ್ಮ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಸೀರೆ ಮಾಳಿಗೆಯ ಸೂರು ಬಹಳ ಎತ್ತರದ್ದಂತೆ. ಹಾಗಾಗಿ ಅಲ್ಲಿನ ಒಂದೊಂದು ಮನೆಯ ಒಳಗೂ ಕಟ್ಟಿಗೆಯ ಅರ್ಧ ಮಾಳಿಗೆ ಕೂರಿಸಿ, ಮೇಲೆ ಮಲಗುವ ಕೋಣೆ ಮಾಡಿದರು. ಲಾಫ್ಟ್ ಮನೆಗಳು ಎಂದು ಬೋರ್ಡು ಬಂತು. ನಮ್ಮ ಜನ ಅದಕ್ಕೆ ಅಟ್ಟದ ಮನಿ ಅಂದರು. ಕುಳ್ಳು ಕಟ್ಟಿಗೆ ಒಟ್ಟುವ ಅಟ್ಟದಲ್ಲಿ ಮನುಷ್ಯರು ಮಲಗುವ ಕಾಲ ಬಂತಲ್ಲ ಎಂದು ಓಣಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ಚಾಚಾ ಮಾತ್ರ ಜಾಗ ಬಿಡಲಿಲ್ಲ. ಕಟ್ಟೆ ಹೋದರೂ ಮೆಟ್ಟಿಲಿನ ಕೆಳಗೆ ಮಷಿನ್ ಇಟ್ಟುಕೊಂಡು ಕೂತರು.

ಒಂದು ಮಧ್ಯಾಹ್ನ ಗಂಡ ಎಂದೂ ಇಲ್ಲದ ಹುರುಪಿನಲ್ಲಿ ಮನೆಗೆ ಬಂದರು.

“ಯಳವತ್ತಿ ತಂಗ್ಯಾರು ಸಿಕ್ಕಿದ್ರು. ನಮ್ಮ ಸೀರಿ ಮಾಳಿಗ್ಯಾಗ ಮನಿ ತಗೊಂಡಾರ. ಕಾಲೇಜಿನ್ಯಾಗ ಕಲಸ್ತಾರಂತ ಈಗ. ಐತಾರ ವಾಸ್ತುಶಾಂತಿ ಐತಿ, ಇಬ್ರೂ ಬರಬೇಕು ಅಂದಾರ.”

“ಯಾವ ತಂಗ್ಯಾರು?”

“ದಾಳಿಂಬರಿ ಕೆಂಪು, ಹಳದಿ ಅಂಚು. ಅವ್ರ ಮದುವಿ ಬಸ್ತಾ ನಾನ ಮಾಡಿಸಿದ್ದು.”

ಇಷ್ಟು ವರ್ಷ ನಾನು ಹತ್ತದ ಮೆಟ್ಟಿಲು. ನಾನು ಕೂರದ ಜಾಗ. ಅಲ್ಲಿ ಆ ದಾಳಿಂಬೆ ಕೆಂಪಿನವಳು ಇನ್ನು ಮೇಲೆ ಉಣ್ಣುತ್ತಾಳೆ, ಮಲಗುತ್ತಾಳೆ. ನನಗೆ ಅನ್ನಿಸಿದ್ದನ್ನು ಇದ್ದ ಹಾಗೆಯೇ ಹೇಳುತ್ತೇನೆ: ಆ ಮನೆಯ ಮೇಲೆ ನನಗೆ ಆಸೆ ಇರಲಿಲ್ಲ, ಅವಳಿಗೆ ಅದು ಸಿಕ್ಕಿತು ಎಂಬ ಉರಿ ಇತ್ತು. ಬರುವುದಿಲ್ಲ ಅನ್ನಬೇಕೆಂದು ಬಾಯಿ ತೆರೆದವಳು, ನೋಡಿಯೇ ಬಿಡೋಣ ಎಂದು ಹೂಂ ಅಂದೆ. ಅವರ ಹೂಂ ನನಗೂ ಅಂಟಿತ್ತು.

ಭಾನುವಾರ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟೆ. ಕನ್ನಡಿಯ ಮುಂದೆ ಬೇಕಂತಲೇ ತಡ ಮಾಡಿದೆ. ಅವರು ಹೊರಗಿನಿಂದ “ಆಟೋ ಬಂತು” ಅಂದರು. ದೊಡ್ಡ ಅಂಗಡಿಯ ಮುಂದೆ ಇಳಿದಾಗ ಚಾಚಾ ಮಷಿನ್ ಬಿಟ್ಟು ಎದ್ದು ನಿಂತು, “ಕಡೀಕೂ ಭಾಬಿ ಮ್ಯಾಲೆ ಹೊಂಟ್ರಿ!” ಅಂದರು. ಹಳೆಯ ತೇಗದ ಮೆಟ್ಟಿಲುಗಳನ್ನು ಹಾಗೆಯೇ ಉಳಿಸಿಕೊಂಡಿದ್ದರು. ಮಂಡಿ ನೋವು ಅಂತ ಮನೆಯ ಮುಂದಿನ ಎರಡು ಮೆಟ್ಟಿಲು ಇಳಿಯಲೂ ಗೋಡೆ ಹಿಡಿಯುವ ನನ್ನ ಗಂಡ, ಕೈಯಲ್ಲಿದ್ದ ಕಾಯಿಯ ಚೀಲವನ್ನು ನನಗೆ ಕೊಟ್ಟು ಸರಸರನೆ ಹತ್ತಿ ಹೋದರು. ನಾನು ಏದುಸಿರು ಬಿಡುತ್ತಾ ಹಿಂದೆ ಹಿಂದೆ ಹೋದೆ.

ಮನೆ ಚೆನ್ನಾಗಿತ್ತು. ಚೆನ್ನಾಗಿಲ್ಲ ಅನ್ನಲು ಬಹಳ ಹುಡುಕಿದೆ, ಸಿಗಲಿಲ್ಲ. ಉದ್ದನೆಯ ಹಾಲಿನ ನಡುವೆ ಕಬ್ಬಿಣದ ಹಳೆ ಕಂಬಗಳು, ಬಣ್ಣದ ಗಾಜಿನಿಂದ ನೆಲದ ಮೇಲೆ ಬಿದ್ದ ಬಿಸಿಲು, ಮೂಲೆಯಲ್ಲಿ ಅಟ್ಟಕ್ಕೆ ಹೋಗುವ ಸಣ್ಣ ಏಣಿಮೆಟ್ಟಿಲು. ಮನೆತುಂಬ ಯಳವತ್ತಿ, ಲಕ್ಷ್ಮೇಶ್ವರದ ನೆಂಟರು. ಮನೆಯೊಡತಿ ಸುಮಾರು ನಲವತ್ತರ ಹೆಣ್ಣುಮಗಳು, ನಗುಮುಖ. ನಮ್ಮನ್ನು ಕಂಡವಳೇ ಓಡಿ ಬಂದು ನನ್ನ ಗಂಡನ ಕಾಲಿಗೆ ನಮಸ್ಕಾರ ಮಾಡಿದಳು. ಅದೂ ಒಂದು ಕಷ್ಟ. ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಕಿಚ್ಚಿಗೆ ಒಂದು ಆಧಾರವಾದರೂ ಇರುತ್ತಿತ್ತು.

“ಅಣ್ಣಾರ, ನಾವು ಎಲ್ಲೆ ಕುಂತಿದ್ವಿ ನೆನಪೈತೇನ್ರಿ?” ಎಂದು ಕೇಳಿದಳು.

ಇವರು ಹಾಲಿನ ಮಧ್ಯಕ್ಕೆ ನಡೆದು ಒಂದು ಕಂಬಕ್ಕೆ ಕೈ ಹಚ್ಚಿದರು. “ಇಲ್ಲೆ. ನಿಮ್ಮವ್ವಾರು ಕಂಬಕ್ಕ ಬೆನ್ನ ಹಚ್ಚಿ ಕುಂತಿದ್ರು. ನೀವು ಅವ್ರ ಬಲಕ್ಕ. ಗಿಳಿ ಹಸರು ತೋರಿಸಿದೆ, ಅತ್ತ್ಯಾರು ಹೂಂ ಅಂದ್ರು, ನೀವು ಮಾತ ಆಡ್ಲಿಲ್ಲ. ಕಣ್ಣಾಗ ನೀರ ಬಂದಿತ್ತು. ನಾ ನೋಡಿ, ಅದರ ಅಂಚಿನ್ಯಾಗ ಎಳಿ ಹೋಗೇತಿ ಅಂತ ಸುಳ್ಳ ಹೇಳಿ ಅದನ್ನ ಬಾಜೂಕ ಇಟ್ಟು, ದಾಳಿಂಬರಿ ಕೆಂಪು ತೆಗದೆ.”

ಮನೆಯೊಡತಿ ಬಾಯಿಗೆ ಸೆರಗು ಹಚ್ಚಿದಳು. ಸುತ್ತಲಿನ ಹೆಂಗಸರು ಲೊಚಗುಟ್ಟಿದರು. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ ಕಾಯಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಯಾವಳೋ ಯಳವತ್ತಿಯ ಹುಡುಗಿಯ ಕಣ್ಣಿನ ನೀರನ್ನು ಅಷ್ಟು ದೂರದಿಂದ ಕಂಡ ಕಣ್ಣುಗಳು! ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ನಾನು ಅತ್ತದ್ದಕ್ಕೆ “ಉಳ್ಳಾಗಡ್ಡಿ ಹೆಚ್ಚಿದ್ಯೇನ?” ಎಂದು ಕೇಳಿದ ಮನುಷ್ಯ ಇವರೇ.

ಅಷ್ಟಕ್ಕೆ ಮುಗಿಯಲಿಲ್ಲ. ಊಟವಾದ ಮೇಲೆ ಅವಳು ಅಟ್ಟ ಹತ್ತಿ ಅದೇ ಸೀರೆಯನ್ನು ಹಿಡಿದುಕೊಂಡು ಇಳಿದಳು. “ಅಣ್ಣಾರ, ಒಮ್ಮೆ ನಮ್ಮ ಮಂದಿಗೆ ತೋರಸ್ರಿ. ಅವಾಗ ಹೆಂಗ ತೋರಸ್ತಿದ್ರಿ ಹಂಗ.” ಇವರು ಒಲ್ಲೆ ಒಲ್ಲೆ ಅಂದರು. ಆದರೆ ಕೈಗಳು ಆಗಲೇ ಸೀರೆಯನ್ನು ಈಸಿಕೊಂಡಿದ್ದವು. ಒಂದು ಸಲ ಝಾಡಿಸಿದ ಕೂಡಲೇ ಇಡೀ ಸೀರೆ ಹಾಲಿನ ಅಗಲಕ್ಕೂ ಹರಡಿಕೊಂಡಿತು. ಸೆರಗನ್ನು ಎಡಹೆಗಲಿಗೆ ಹಾಕಿಕೊಂಡು, ಕತ್ತು ಸ್ವಲ್ಪ ವಾಲಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ನಾನು ಆ ಮನುಷ್ಯನನ್ನು ಅದಕ್ಕೂ ಮೊದಲು ನೋಡಿರಲೇ ಇಲ್ಲ.

“ಬರ್ರಿ ಅಕ್ಕಾರ, ಕುಂಡ್ರಿ. ತಗೋಬ್ಯಾಡ್ರಿ, ಬರೇ ನೋಡ್ರಿ. ನೋಡಾಕ ರೊಕ್ಕ ಇಲ್ಲ. ಈ ಬಣ್ಣ ನೋಡ್ರಿ ಅಕ್ಕಾರ, ಇದು ಬಣ್ಣ ಅಲ್ಲ, ನಿಮ್ಮ ಮುಖದ ಮ್ಯಾಲಿನ ನಗಿ ಐತೆಲ್ಲಾ, ಅದನ್ನ ನೂಲಿಗೆ ಹಚ್ಯಾರ. ನೀವು ಇದನ್ನ ಉಟ್ಟು ಓಣ್ಯಾಗ ಹೊಂಟ್ರ, ಇದ್ಯಾರ ಮನಿ ಲಕ್ಷ್ಮಿ ಅಂತ ಮಂದಿ ಕೇಳಬೇಕು!”

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಂಡರು. ನನಗೂ ತೋರಸ್ರಿ, ನನಗ ಯಾವ ಬಣ್ಣ ಒಪ್ಪತೈತಿ ಹೇಳ್ರಿ ಎಂದು ಒಬ್ಬೊಬ್ಬರೇ ಮುಂದೆ ಬಂದರು. ಇವರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ, ಒಬ್ಬರಿಗೆ ಚಿಂತಾಮಣಿ ನೀಲಿ, ಒಬ್ಬರಿಗೆ ಗೋಧಿ ಬಣ್ಣ ಎಂದು ಹಂಚುತ್ತಾ ಹೋದರು. ಹಾಲಿನಲ್ಲಿ ಅವರು ಬಣ್ಣ ಹೇಳದೆ ಉಳಿದ ಹೆಂಗಸು ನಾನೊಬ್ಬಳೇ. ಗೋಡೆಯ ಬದಿಗೆ ಅವರ ಕಣ್ಣು ಬರಲೇ ಇಲ್ಲ.

ಹೊರಡುವಾಗ ಮನೆಯೊಡತಿ ನನಗೆ ಉಡಿ ತುಂಬಿದಳು. ಅಕ್ಕಿ, ಕಾಯಿ, ಎಲೆ ಅಡಿಕೆ, ಜಂಪರಿನ ಖಣ. ನನ್ನ ಕೈ ಹಿಡಿದುಕೊಂಡು, “ಎಷ್ಟ ಪುಣ್ಯ ಮಾಡೀರಿ ವೈನಿ ನೀವು! ಮನ್ಯಾಗ ದಿನಾ ಇಂಥಾ ಮಾತ ಕೇಳ್ತೀರಿ” ಅಂದಳು.

“ಹೌದ್ರಿ ತಂಗಿ” ಅಂದೆ. “ಕೇಳಿ ಕೇಳಿ ಸಾಕಾಗೇತಿ.”

ಬರುವಾಗ ಆಟೋದಲ್ಲಿ ಇವರು ತಮ್ಮಷ್ಟಕ್ಕೇ ನಗುತ್ತಾ ಕೂತಿದ್ದರು. ನಾನು ರಸ್ತೆ ನೋಡುತ್ತಿದ್ದೆ. ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ಬೀರು ತೆಗೆದೆ. ಒಳಗಿದ್ದ ಸೀರೆಗಳನ್ನೆಲ್ಲ ಎಳೆದು ಮಂಚದ ಮೇಲೆ ಒಗೆದೆ. ಆಮೇಲೆ ನೆಲದ ಮೇಲೆ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತೆ.

“ತೋರಸ್ರಿ” ಅಂದೆ.

ಅವರು ಬಾಗಿಲಲ್ಲಿ ನಿಂತಿದ್ದರು. “ಏನ?”

“ಸೀರಿ. ಎಲ್ಲಾರಿಗೂ ತೋರಿಸಿದ್ರೆಲ್ಲಾ, ನನಗೂ ತೋರಸ್ರಿ. ನಾ ಲಕ್ಷ್ಮೇಶ್ವರದಾಕಿ ಅಂತ ತಿಳ್ಕೊರಿ, ಮುಂಡರಗ್ಯಾಕಿ ಅಂತ ತಿಳ್ಕೊರಿ. ಹೆಂಡ್ತಿ ಅಂತ ಮಾತ್ರ ತಿಳ್ಕೋಬ್ಯಾಡ್ರಿ.”

ಮೊದಲು ನಕ್ಕರು. ನಾನು ನಗುತ್ತಿಲ್ಲ ಎಂದು ಕಂಡ ಮೇಲೆ ನಗು ನಿಂತಿತು. ಒಳಗೆ ಬಂದು, ಮಂಚದ ಮೇಲಿನ ಒಂದು ಸೀರೆ ಎತ್ತಿಕೊಂಡು ಝಾಡಿಸಿದರು. ನಮ್ಮ ಸಣ್ಣ ಕೋಣೆಯಲ್ಲಿ ಅದು ಪೂರ್ತಿ ಹರಡಿಕೊಳ್ಳಲಿಲ್ಲ, ಅರ್ಧ ನನ್ನ ಕಾಲ ಮೇಲೆ ಬಿತ್ತು. ಸೆರಗು ಹೆಗಲಿಗೇರಿತು, ಕತ್ತು ವಾಲಿತು. ನಾನು ಗಿರಾಕಿಯ ಹಾಗೆ ನೆಟ್ಟಗೆ ಕೂತೆ. ಅಜ್ಜಿಯಾದವಳಿಗೆ ಇದೆಲ್ಲ ಬೇಕಿತ್ತೇ ಎಂದು ಯಾರಾದರೂ ಕೇಳಿದರೆ, ಬೇಕಿತ್ತು.

“ಬರ್ರಿ ಅಕ್ಕಾರ” ಎಂದು ಶುರು ಮಾಡಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. “ಹೆಂಡ್ತಿಗೆ ಅಕ್ಕಾರ ಅಂತೀರೇನ್ರಿ?” ಅಂದೆ. ಅವರ ಮುಖ ಕೆಂಪಾಯಿತು. ಸೆರಗು ಸರಿ ಮಾಡಿಕೊಂಡು ಮತ್ತೆ ನಿಂತರು. “ಬಾ... ಕುಂಡ್ರು... ಈ ಬಣ್ಣ ನೋಡು...” ಮುಂದೆ ಹೋಗಲಿಲ್ಲ. ಅಕ್ಕಾರ ಎಂಬ ಆ ಒಂದು ಮಾತನ್ನು ತೆಗೆದ ಮೇಲೆ ಉಳಿದ ಮಾತುಗಳಿಗೆ ಬಾಯಿಗೆ ಬರುವ ದಾರಿಯೇ ಗೊತ್ತಾಗಲಿಲ್ಲ. ಅದರ ಬದಲು ಬೇರೆ ಏನೋ ಬಂತು.

“ಇದು ಅಂಚು ಬಿಗಿ ಆಗಿತ್ತು. ಗಿರಾಕಿ ಒಲ್ಲೆ ಅಂದ್ರು, ತಂದೆ.” ಇನ್ನೊಂದು ಎತ್ತಿದರು. “ಇದು ನಿನ್ನ ಬಣ್ಣಕ್ಕ ಹೊಂದೂದಿಲ್ಲ. ಅವಾಗೂ ಗೊತ್ತಿತ್ತು. ಗಟ್ಟಿ ಐತಿ, ಬಾಳ ದಿನ ಬರ್ತೈತಿ ಅಂತ ತಂದೆ.” ಮತ್ತೊಂದು. “ಇದು ಚಲೋ ಐತಿ. ಖರೆ ನಿನಗ ಉದ್ದ ಕಮ್ಮಿ.”

“ಸಾಕ ಮಾಡ್ರಿ” ಅಂದೆ.

ಅವರು ಮಂಚದ ಅಂಚಿಗೆ ಕೂತರು. ಸೆರಗು ಇನ್ನೂ ಹೆಗಲ ಮೇಲೆಯೇ ಇತ್ತು. “ನಾ ಅಲ್ಲೆ ಹೇಳತಿದ್ದುದೆಲ್ಲಾ ಸುಳ್ಳ” ಅಂದರು. “ಎಲ್ಲಾ ಬಣ್ಣ ಎಲ್ಲಾರಿಗೂ ಒಪ್ಪತಾವೇನು? ಸೀರಿ ಹೋಗಬೇಕಿತ್ತು, ಹೇಳ್ತಿದ್ದೆ. ಹಿಂಗಂತನ ನಿನ್ನನ್ನ ಮ್ಯಾಲೆ ಕರೀಲಿಲ್ಲ. ನೀ ಮುಂದ ಕುಂತ್ರ ನನ್ನ ಬಾಯಿ ಏಳ್ತಿರಲಿಲ್ಲ. ನಿನಗ ಹೆಂಗ ಸುಳ್ಳ ಹೇಳ್ಲಿ?”

ಹೇಳಿ ನನ್ನ ಮುಖ ನೋಡಿದರು. ಜೀವಮಾನದ ದೊಡ್ಡ ಆಯೇರಿಯೊಂದನ್ನು ನನ್ನ ಉಡಿಗೆ ಹಾಕಿದೆ ಎಂಬ ನಂಬಿಕೆ ಆ ಕಣ್ಣುಗಳಲ್ಲಿತ್ತು. ನಾನು ಕರಗಬೇಕಿತ್ತು. ಬೇರೆಯವಳಾಗಿದ್ದರೆ ಕರಗುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ಸಿಟ್ಟೇ ಬಂತು.

“ಹೇಳಬೇಕಿತ್ತು” ಅಂದೆ. “ಒಂದಾದ್ರೂ ಸುಳ್ಳ ನನಗೂ ಹೇಳಬೇಕಿತ್ತು.”

ಬೀದಿಯಲ್ಲಿ ನೀರು ಬಂತೆಂದು ಯಾರೋ ಕೂಗಿದರು. ಇಬ್ಬರೂ ಏಳಲಿಲ್ಲ. ಅವರು ಬಾಯಿ ತೆರೆದು ನನ್ನನ್ನು ನೋಡಿದರು, ನಿಧಾನವಾಗಿ, ಆ ಹಾಲಿನ ಹೆಂಗಸರನ್ನು ನೋಡಿದ ಹಾಗೆಯೇ. ಹೆಗಲ ಮೇಲಿನ ಬಣ್ಣ ನೋಡಿದರು, ಮತ್ತೆ ನನ್ನ ಮುಖ ನೋಡಿದರು. “ಈ ಬಣ್ಣ ನಿನಗ...” ಅಂದರು. ನಾನು ಕಾದೆ. ಅವರು ತಲೆ ತಗ್ಗಿಸಿ ಸೆರಗನ್ನು ಹೆಗಲಿಂದ ಇಳಿಸಿದರು.

ಸುಳ್ಳು ಹೇಳದ ಗಂಡ ಸಿಕ್ಕಿದ್ದು ಪುಣ್ಯ ಎಂದು ಓಣಿಯ ಹೆಂಗಸರು ಅಂದಾರು. ಅನ್ನಲಿ. ದೊಡ್ಡ ಅಂಗಡಿಯ ಅಟ್ಟದ ಮನೆಯಲ್ಲಿ ಇರುವವಳಿಗೆ, ಹಲ್ಲಿಲ್ಲದ ಆ ಹಿರೇವಡ್ಡಟ್ಟಿ ಮುದುಕಿಗೆ, ಸುಳ್ಳಾದರೂ ಸಿಕ್ಕಿತು. ನನ್ನ ಪಾಲಿಗೆ ಅದೂ ಬರಲಿಲ್ಲ.